ತಣ್ಣಗಿದ್ದ ಮೋಟಾರಿನ ಜ್ವರ

ಆ ದಿನಗಳಲ್ಲಿ ಸಂಜೆ ಹೊತ್ತು ಮಳೆ ಬರುತ್ತಿತ್ತು ಎಂದು ಮೊದಲು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಮಳೆ ಬಂದಿದ್ದರೆ ಅಪ್ಪನೂ ನಾನೂ ಪೋರ್ಟಿಕೋದಲ್ಲಿ ವೀಲಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂರುವುದಕ್ಕೆ ಆಗುತ್ತಿರಲಿಲ್ಲ. ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಎರಚಲು ನೇರವಾಗಿ ಬಾಗಿಲಿಗೇ ಹೊಡೆಯುತ್ತದೆ. ನೆನಪಿಗೆ ಮಳೆ ಎಂದರೆ ಇಷ್ಟ, ತನಗೆ ಬೇಕಾದ ಕಡೆಯೆಲ್ಲ ಸುರಿಸುತ್ತದೆ. ಆದ್ದರಿಂದ ಮಳೆ ಇರಲಿಲ್ಲ. ಮೋಡ ಇತ್ತು. ಅಷ್ಟನ್ನು ಹೇಳಬಲ್ಲೆ, ಏಕೆಂದರೆ ಅಪ್ಪ ಮಾತಿನ ನಡುವೆ ತಲೆಯೆತ್ತಿ, ಮೇಲೆ ಒಣಹಾಕಿದ ಬಟ್ಟೆಯ ಚಿಂತೆ ಮಾಡುತ್ತಿದ್ದರು.

ವೀಲ್ ಅಂದರೆ ಕರೆಂಟಿನ ಒಂಟಿಚಕ್ರ. ಒಂದೇ ಟೈರು, ಅದರ ಎರಡು ಪಕ್ಕಕ್ಕೆ ಮಡಚಿಡಬಹುದಾದ ಪೆಡಲು, ಮೇಲೆ ಎತ್ತಲು ಒಂದು ಹಿಡಿ. ಸೀಟಿಲ್ಲ, ಹಿಡಿದುಕೊಳ್ಳಲು ಹ್ಯಾಂಡಲ್ ಇಲ್ಲ. ಮುಂದಕ್ಕೆ ವಾಲಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ನಿಂತೇ ಸವಾರಿ. ನಾನು ಕೆಲಸ ಮಾಡುತ್ತಿದ್ದ ಮುದ್ರಣಾಲಯ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿತ್ತು. ಮೆಟ್ರೋ ಹಿಡಿದರೆ ವಿಜಯನಗರದಲ್ಲಿ ಹತ್ತಿ, ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ಗಾಡಿ ಬದಲಾಯಿಸಿ, ಮತ್ತೆ ಇತ್ತ ತಿರುಗಿ ಬರಬೇಕು. ಪಕ್ಕದ ಮನೆಗೆ ಹೋಗಲು ಊರ ಬಾಗಿಲಿಗೆ ಹೋಗಿ ಬಂದ ಹಾಗೆ. ವೀಲಿನಲ್ಲಾದರೆ ಮಾಗಡಿ ರಸ್ತೆ ದಾಟಿ, ಬಸವೇಶ್ವರನಗರದ ಒಳರಸ್ತೆಗಳಲ್ಲಿ ಹೊಂಗೆ ಮರದ ಕೆಳಗೆ ತೇಲಿದ ಹಾಗೆ ಹೋಗಿಬಿಡಬಹುದಿತ್ತು. ಎರಡೂ ಕೈ ಖಾಲಿ. ನಲವತ್ತು ದಾಟಿದ ಮೇಲೆ ಎರಡೂ ಕೈ ಖಾಲಿ ಇಟ್ಟುಕೊಂಡು ಎಲ್ಲಿಗಾದರೂ ಹೋಗಿದ್ದು ನನಗೆ ನೆನಪಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬಸ್ಸಿನ ಕಂಬಿ, ಇಲ್ಲವೇ ಫೋನು. ವೀಲಿನ ಮೇಲೆ ಆ ಅರ್ಧ ಗಂಟೆ ನಾನು ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ಬಿದ್ದದ್ದು ಬಸವೇಶ್ವರನಗರದಲ್ಲಿ, ಒಂದು ಹಂಪ್ ದಾಟುವಾಗ. ವೀಲು ಇದ್ದಕ್ಕಿದ್ದಂತೆ ಬೀಪ್ ಬೀಪ್ ಎಂದು ಕಿರುಚಿತು. ಪೆಡಲುಗಳ ಮುಂಭಾಗ ಮೇಲೆದ್ದಿತು. ಮೋಟಾರು ಅತಿಯಾಗಿ ಬಿಸಿಯಾದರೆ ವೀಲು ಹೀಗೆ ಪೆಡಲನ್ನು ಹಿಂದಕ್ಕೆ ವಾಲಿಸಿ ಸವಾರನನ್ನು ನಿಧಾನ ಮಾಡಿಸುತ್ತದೆ. ಅದು ನನ್ನನ್ನು ಕಾಪಾಡಲು ಮಾಡಿದ ಏರ್ಪಾಡು. ಕಾಪಾಡಿದ ರಭಸಕ್ಕೆ ನಾನು ರಸ್ತೆ ಬದಿಯ ಗುಡಿಸಿಟ್ಟ ಎಲೆರಾಶಿಯ ಮೇಲೆ ಹೋಗಿ ಬಿದ್ದೆ. ಸ್ಕೂಟರಿನ ಮೇಲೆ ಬರುತ್ತಿದ್ದ ಇಬ್ಬರು ಹುಡುಗರು ನಿಲ್ಲಿಸಿದರು.

"ಏನ್ ಗುರು, ಇನ್ನೊಂದ್ ಚಕ್ರ ಎಲ್ ಬಿಟ್ ಬಂದೆ?"

"ಲೋ, ದೊಡ್ಡವ್ರು ಕಣೋ, ಮರ್ಯಾದೆ ಕೊಡೋ. ಸಾರ್, ಇನ್ನೊಂದ್ ಚಕ್ರ ಎಲ್ಲಿ ಬಿಟ್ ಬಂದ್ರಿ?"

ನಕ್ಕರು, ಆದರೆ ಎತ್ತಿ ಕೂರಿಸಿದವರೂ ಅವರೇ. ಮಣಿಕಟ್ಟು ಉಳುಕಿತ್ತು. ಫೋನಿನ ಆ್ಯಪ್ ತೆರೆದು ನೋಡಿದೆ. ಮೋಟಾರಿನ ಉಷ್ಣತೆ ನೂರ ಹತ್ತು ಡಿಗ್ರಿ ಎಂದು ಕೆಂಪಗೆ ಬರೆದಿತ್ತು. ಎಡಗೈಯಲ್ಲಿ ಮೋಟಾರನ್ನು ಮುಟ್ಟಿದೆ. ತಣ್ಣಗಿತ್ತು. ನಾನು ನೋಡುತ್ತಿದ್ದಂತೆಯೇ ನೂರ ಹತ್ತು ಮಾಯವಾಗಿ ಮೂವತ್ತೊಂದು ಬಂತು, ಏನೂ ಆಗಿಲ್ಲವೆಂಬಂತೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಾ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಯಾಕ್ ಬಿದ್ರಿ?"

"ಸೆನ್ಸರ್ ಏನೋ ತಪ್ ತೋರ್ಸ್ತು."

"ಯಾಕ್ ತಪ್ ತೋರ್ಸ್ತು?"

"ಗೊತ್ತಿಲ್ಲ."

"ಗೊತ್ತಾಗೋವರ್ಗೂ ಅದು ನಮ್ ರೋಡ್ ದಾಟ್ಬಾರ್ದು. ದಸರಾ ಹೊತ್ತಿಗೂ ಗೊತ್ತಾಗ್ಲಿಲ್ಲ ಅಂದ್ರೆ ಮನೆಯಿಂದ ಆಚೆ ಹೋಗ್ಬೇಕು. ಅದೃಷ್ಟ, ಗ್ರಹಚಾರ, ರೋಡ್ ಸರಿ ಇಲ್ಲ, ಇವೆಲ್ಲ ಬೇಡ. ನಾನು ಒಪ್ಪೋ ಅಂಥ ಕಾರಣ ಬೇಕು."

ಹೀಗೆ ಶುರುವಾಯಿತು. ಮೋಟಾರಿನ ತಾಮ್ರದ ಸುತ್ತುಗಳ ನಡುವೆ ರಾಗಿಕಾಳಿಗಿಂತ ಕೊಂಚ ದಪ್ಪದ ಒಂದು ಮಣಿ ಕೂತಿರುತ್ತದೆ. ಅದೇ ಸೆನ್ಸರು. ಬಿಸಿಯಾದಷ್ಟೂ ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಎಷ್ಟು ಸಲೀಸು ಎಂಬುದನ್ನೇ ವೀಲನ್ನು ನಡೆಸುವ ಸರ್ಕ್ಯೂಟ್ ಬೋರ್ಡು ಡಿಗ್ರಿ ಎಂದು ಓದಿಕೊಳ್ಳುತ್ತದೆ. ಮಣಿಯಿಂದ ಹೊರಟ ಎರಡು ತೆಳು ವೈರುಗಳು ಚಕ್ರದ ನಡುವಿನ ಪೊಳ್ಳು ಅಚ್ಚಿನ ಒಳಗಿಂದ ಹಾದು, ಮೇಲೆ ಹಿಡಿಯ ಕೆಳಗಿರುವ ಬೋರ್ಡಿಗೆ ಒಂದು ಪ್ಲಗ್ಗಿನಲ್ಲಿ ಸೇರುತ್ತವೆ. ಕರೆಂಟಿಗೆ ದಾರಿಯಲ್ಲಿ ಬೇರೆ ಯಾವುದೇ ಕಳ್ಳದಾರಿ ಸಿಕ್ಕಿದರೂ ಬೋರ್ಡು ಅದನ್ನು ಬಿಸಿ ಎಂದೇ ತಿಳಿಯುತ್ತದೆ. ಇಷ್ಟು ಓದಿ ತಿಳಿದುಕೊಂಡೆ. ಕಳ್ಳದಾರಿ ಎಲ್ಲಿದೆ ಎಂಬುದಷ್ಟೇ ಉಳಿದ ಪ್ರಶ್ನೆ.

ವೀಲನ್ನು ನನಗೆ ಮಾರಿದ್ದ ಹೆಗ್ಗನಹಳ್ಳಿಯ ಯುವಕನಿಗೆ ಫೋನ್ ಮಾಡಿದೆ. "ಸಾರ್, ನಂಗೆ ಒಂದ್ ದಿನಾನೂ ಬೀಪ್ ಹೊಡ್ದಿಲ್ಲ," ಎಂದ. "ಬೇಜಾರ್ ಮಾಡ್ಕೋಬೇಡಿ ಸಾರ್, ನೀವು ಸ್ವಲ್ಪ ವೇಯ್ಟ್ ಜಾಸ್ತಿ ಅಲ್ವಾ?" ಎಂದೂ ಸೇರಿಸಿದ.

ಅಪ್ಪ ಜೊತೆಗೆ ಬಂದು ಕೂತದ್ದು ಯಾವಾಗಿನಿಂದ ಎಂದು ಹೇಳಲಾರೆ. ಮೊದಲ ಸಂಜೆಯೇ ಎಂದು ಮನಸ್ಸು ಹೇಳುತ್ತದೆ, ಮನಸ್ಸಿಗೆ ಅಂಥದ್ದು ಇಷ್ಟ. ಅವರು ಅದೇ ರಾಜಾಜಿನಗರದ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸಿ ನಿವೃತ್ತರಾದವರು. ಅವರ ಪ್ರಕಾರ ಪ್ರಪಂಚದ ಎಲ್ಲ ಕಾಯಿಲೆಯೂ ಬೇರಿಂಗಿನದು.

"ಬೇರಿಂಗ್ ಒಣಗಿದೆ ಕಣೋ. ಗ್ರೀಸ್ ಹಾಕು, ಸರಿಹೋಗುತ್ತೆ."

"ಅಪ್ಪ, ಬೇರಿಂಗ್‌ಗೂ ಅಂಕಿಗೂ ಸಂಬಂಧ ಇಲ್ಲ."

"ಸಂಬಂಧ ಇಲ್ದೆ ಬಿಸಿ ಆಗುತ್ತಾ?"

"ಬಿಸಿನೇ ಆಗಿಲ್ವಲ್ಲ!"

"ಮತ್ತೆ ಯಾಕೆ ರಿಪೇರಿ ಮಾಡ್ತಿದೀಯ?"

ಗ್ರೀಸ್ ಹಾಕಿದೆ. ಏನೂ ಬದಲಾಗಲಿಲ್ಲ, ನನ್ನ ಪ್ಯಾಂಟು ಹಾಳಾಯಿತು.

ನಾನು ವೀಲನ್ನು ನಮ್ಮ ರಸ್ತೆಯ ಈ ತುದಿಯಿಂದ ಆ ತುದಿಗೆ ಓಡಿಸಿ ತಂದು ನಿಲ್ಲಿಸುವುದು, ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಫೋನು ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಕೂಗುವುದು. "ಮೂವತ್ತು. ಮೂವತ್ತೊಂದು. ಮೂವತ್ನಾಲ್ಕು. ನಲ್ವತ್ತು!" ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ ಅಂಕಲ್, ಹೌಸಿ ಆಡ್ತಿದೀರಾ? ನಂಗೂ ಒಂದ್ ಟಿಕೆಟ್ ಕೊಡಿ."

"ಟಿಕೆಟ್ ತಗೊಂಡ್ರೆ ಬೀಳ್ಬೇಕಾಗುತ್ತೆ ಕಣಮ್ಮ, ಇವನ ಥರ."

ಕೆಲವು ವಾರ ಕಳೆದ ಮೇಲೆ ಒಂದು ಲಕ್ಷಣ ಕಂಡಿತು. ವಾರದ ಮೊದಲಲ್ಲಿ ಅಂಕಿ ಕೆಡುತ್ತಿತ್ತು. ಸೋಮವಾರ ಸಂಜೆ ವೀಲು ನಿಂತಲ್ಲೇ ನಿಂತಿದ್ದರೂ ಮೂವತ್ತರಿಂದ ಮೆಲ್ಲಗೆ ಮೆಟ್ಟಿಲು ಹತ್ತಿದ ಹಾಗೆ ಐವತ್ತು, ಅರವತ್ತು ಮುಟ್ಟುತ್ತಿತ್ತು. ಗುರುವಾರದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಯಂತ್ರಕ್ಕೆ ವಾರದ ಲೆಕ್ಕ ಹೇಗೆ ಗೊತ್ತು? ಕಾವೇರಿ ನೀರು ಬಿಡುವ ದಿನ, ಪೋರ್ಟಿಕೋ ತೊಳೆಯುವ ದಿನ, ಬಿಸಿಲು, ಎಲ್ಲವನ್ನೂ ಅನುಮಾನಿಸಿದೆ. ಯಾವುದೂ ಹೊಂದಲಿಲ್ಲ.

ಒಂದು ಸೋಮವಾರ ಹಿಡಿಯ ಕೆಳಗಿನ ಮುಚ್ಚಳ ತೆಗೆದು ಬೋರ್ಡಿನ ಪ್ಲಗ್ಗನ್ನು ಎಳೆದೆ. ಅದರ ಪಿನ್ನುಗಳ ನಡುವೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು, ಒದ್ದೆಯಾಗಿತ್ತು. ಒಣಗಿಸಲು ಹೇರ್ ಡ್ರೈಯರ್ ಕೇಳಿದ್ದಕ್ಕೆ ಹೆಂಡತಿ ಅದನ್ನು ಹಿಡಿದು ತಾನೇ ಬಂದಳು.

"ಉಪ್ಪು ಕಟ್ಟಿದೆ ನೋಡು. ತುಕ್ಕಿನ ಥರ," ಎಂದೆ.

ಅವಳು ಚಿಟಿಕೆಯಷ್ಟು ಬೆರಳಿಗೆ ತೆಗೆದುಕೊಂಡು ಉಜ್ಜಿದಳು. ಮೂಸಿದಳು.

"ರೀ, ಇದು ವಿಭೂತಿ."

ನಮ್ಮ ಮನೆಯಲ್ಲಿ ವಿಭೂತಿ ಹಚ್ಚಿಸಿಕೊಳ್ಳದ ವಸ್ತು ಎಂದರೆ ಟಿವಿಯ ರಿಮೋಟು ಒಂದೇ. ಫ್ರಿಜ್ಜಿಗೆ ಮೂರು ಪಟ್ಟೆ, ಮಿಕ್ಸಿಗೆ ಮೂರು ಪಟ್ಟೆ, ಗ್ಯಾಸ್ ಸಿಲಿಂಡರಿಗೆ, ನನ್ನ ಹೆಂಡತಿಯ ಸ್ಕೂಟರಿಗೆ. ಸೋಮವಾರ ಬೆಳಿಗ್ಗೆ ಸ್ನಾನವಾದ ಮೇಲೆ ಅಪ್ಪ ಅಂಗೈಯಲ್ಲಿ ನೀರು ಹಾಕಿಕೊಂಡು, ವಿಭೂತಿ ಗಟ್ಟಿ ತೇಯ್ದು, ಮೂರು ಬೆರಳಲ್ಲಿ ಎಲ್ಲಕ್ಕೂ ಹಚ್ಚುತ್ತಾ ಮನೆ ಸುತ್ತುತ್ತಾರೆ. ಕಾರ್ಖಾನೆಯಲ್ಲಿ ಸ್ವಿಚ್ ಒತ್ತುವ ಮೊದಲು ಲೇತಿಗೆ ಹಚ್ಚುತ್ತಿದ್ದ ಅಭ್ಯಾಸ. ವೀಲಿನ ಹಣೆಯ ಮೇಲೂ ಪಟ್ಟೆ ಇತ್ತು, ದಿನಾ ಕಂಡಿದ್ದೆ. ಕಂಡದ್ದರಿಂದಲೇ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಪಟ್ಟೆ ಹೊರಗಡೆ ತಾನೇ ಇರೋದು? ಒಳಗೆ ಹೇಗ್ ಬಂತು?" ಎಂದು ಅಪ್ಪನನ್ನು ಕೇಳಿದೆ.

"ಅಂಗೈಲಿ ನೀರು ಮಿಗುತ್ತಲ್ಲ. ವಿಭೂತಿ ನೀರು ತುಳ್ಯೋ ಕಡೆ ಚೆಲ್ಬಾರ್ದು. ಲೇತ್ ಆದ್ರೆ ಅದರ ಬೆಡ್ ಮೇಲೇ ಬಿಡ್ತಿದ್ವಿ. ಹಂಗೇ ಇದಕ್ಕೂ ತಲೆ ಮೇಲೆ ಬಿಟ್ಟೆ."

ತಲೆಯ ಮೇಲೆ, ಅಂದರೆ ಹಿಡಿಯ ಸಂದಿಗೆ. ಅದರ ಕೆಳಗೇ ಪ್ಲಗ್ಗು.

"ಅಷ್ಟು ವರ್ಷ ಲೇತ್‌ಗೆ ಬಿಟ್ಟಿದೀನಿ, ಒಂದ್ ದಿನ ಕೆಟ್ಟಿಲ್ಲ," ಎಂದರು ಅಪ್ಪ, ಕೊಂಚ ಜೋರಾಗಿ.

"ಲೇತ್‌ಗೆ ಜ್ವರ ನೋಡೋರು ಇರ್ಲಿಲ್ಲ ಮಾವ," ಎಂದಳು ಹೆಂಡತಿ.

ಮೂವರೂ ನಕ್ಕೆವು. ನಗು ನಿಂತ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಸರಿ, ಸೋಮವಾರದ ಕಾರಣ ಸಿಕ್ತು. ಆದ್ರೆ ನೀವು ಬಿದ್ದಾಗ ಇದು ಇತ್ತಾ?"

ನಾನು ನೆನಪಿಸಿಕೊಳ್ಳಲು ನೋಡಿದೆ. ಬೀಳುವ ಮೊದಲು ವೀಲಿನ ಮೇಲೆ ಪಟ್ಟೆ ಇತ್ತೇ? ಇದ್ದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು. ಎರಡು ಚಿತ್ರಗಳೂ ಅಷ್ಟೇ ಸ್ಪಷ್ಟ. ಅಷ್ಟರಲ್ಲಿ ಅಪ್ಪ ಹೇಳಿದರು:

"ಇತ್ತು. ಅವನು ಇದನ್ನ ತಂದ ಮೊದಲನೇ ಸೋಮವಾರದಿಂದಾನೂ ಹಚ್ತಿದೀನಿ. ಅವನು ಬಿದ್ದಿದ್ದು ನನ್ನಿಂದ್ಲೇ ಆಯ್ತು ನೋಡು. ಕಾರಣ ಸಿಕ್ತಲ್ಲ ಕಣಮ್ಮ, ಇನ್ನು ಅವನನ್ನ ಬಿಟ್ಬಿಡು, ಓಡಾಡ್ಕೊಂಡಿರ್ಲಿ."

ಹೆಂಡತಿ ಡ್ರೈಯರಿನ ವೈರು ಸುತ್ತಿಕೊಂಡು ಒಳಗೆ ಹೋದಳು.

ಪ್ಲಗ್ಗನ್ನು ಮೊಬೈಲ್ ರಿಪೇರಿಯವರು ಬಳಸುವ ಸ್ಪಿರಿಟ್ಟಿನಿಂದ ಉಜ್ಜಿ ಒಣಗಿಸಿದೆ. ಹಿಡಿಯ ಸಂದಿಗೆ ರಬ್ಬರು ಅಂಟಿಸಿದೆ. ಮಿಕ್ಕ ನೀರನ್ನು ನಂದಬಟ್ಟಲು ಗಿಡಕ್ಕೆ ಹಾಕುವುದೆಂದು ಅಪ್ಪ ಒಪ್ಪಿಕೊಂಡರು. ಮುಂದಿನ ಸೋಮವಾರ ಅಂಕಿ ಇಪ್ಪತ್ತೇಳನ್ನು ಬಿಟ್ಟು ಅಲುಗಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಕಥೆ ಎಷ್ಟು ಚೊಕ್ಕಟವಾಗಿ ಮುಗಿದಿತ್ತೆಂದರೆ ನಾನದನ್ನು ಮುದ್ರಣಾಲಯದಲ್ಲಿ ಹೇಳಿ ಎಲ್ಲರನ್ನೂ ನಗಿಸಿಯೂ ಆಗಿತ್ತು. ಹೇಳುತ್ತಾ ಹೇಳುತ್ತಾ ನನ್ನ ನೆನಪಿನಲ್ಲಿ ಬೀಳುವ ಮೊದಲಿನ ವೀಲಿನ ಮೇಲೆ ಪಟ್ಟೆಗಳು ಮೂಡಿಕೊಂಡವು. ಹಾಗೆ ಮೂಡಿದ್ದೇ ನನಗೆ ಸರಿಬರಲಿಲ್ಲ.

ತೊಡಕು ಇದ್ದದ್ದು ಇಲ್ಲಿ. ಸೋಮವಾರದ ಅಂಕಿ ಹತ್ತುತ್ತಿತ್ತು. ಒದ್ದೆ ಹರಡಿದ ಹಾಗೆ ನಿಧಾನವಾಗಿ. ನಾನು ಬಿದ್ದ ದಿನದ ಅಂಕಿ ಹಾರಿತ್ತು. ಹಂಪ್ ಬಡಿದ ಕ್ಷಣ ನೂರ ಹತ್ತು, ಆಮೇಲೆ ನೋಡುತ್ತಿದ್ದಂತೆ ಒಂದೇ ಸಲಕ್ಕೆ ಮೂವತ್ತೊಂದು. ನೀರು ಹಾಗೆ ಬಂದು ಹಾಗೆ ಹೋಗುವುದಿಲ್ಲ. ಅಪ್ಪನ ಮಾತನ್ನು ನಂಬಿದರೆ ನಾಳೆಯೇ ಬಸವೇಶ್ವರನಗರದ ಮರಗಳ ಕೆಳಗೆ ಹೋಗಬಹುದು. ಇನ್ನೊಂದು ಕಾರಣ ಹುಡುಕಹೊರಟು ಸಿಗದಿದ್ದರೆ, ದಸರೆಗೆ ಹೆಚ್ಚು ದಿನ ಉಳಿದಿರಲಿಲ್ಲ, ವೀಲು ಹೋದಂತೆಯೇ. ಕೆಲವು ದಿನ ನಾನು ಹುಡುಕಲೂ ಇಲ್ಲ, ಸವಾರಿ ಹೊರಡಲೂ ಇಲ್ಲ. ವೀಲಿನ ಧೂಳು ಒರೆಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ವೀಲನ್ನು ಮತ್ತೆ ಪೋರ್ಟಿಕೋಗೆ ತಂದು ಪಕ್ಕಕ್ಕೆ ಮಲಗಿಸಿದೆ. ಅಪ್ಪ ಬಂದರು.

"ಮತ್ಯಾಕೋ ಬಿಚ್ತಿದೀಯ? ಸರಿಹೋಗಿರೋದನ್ನ ಕೆಣಕ್ಬಾರ್ದು."

"ಒಂದ್ಸಲ ನೋಡ್ತೀನಪ್ಪ. ನೀವು ಅಂಕಿ ಹೇಳ್ತಾ ಇರಿ."

ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಫೋನು ತೆಗೆದುಕೊಂಡರು. ನಾನು ಪ್ಲಗ್ಗನ್ನು ಅಲುಗಿಸಿದೆ. "ಇಪ್ಪತ್ತೇಳು." ವೈರುಗಳ ನಡುಭಾಗವನ್ನು ಬೆರಳಲ್ಲಿ ತಿರುಚಿದೆ. "ಇಪ್ಪತ್ತೇಳು." ಪಕ್ಕದ ಮುಚ್ಚಳ ತೆಗೆದು, ಅಚ್ಚಿನ ಬಾಯಿಂದ ವೈರುಗಳು ಹೊರಬರುವ ಕಡೆ ಹಿಡಿದು ಮೆಲ್ಲಗೆ ಬಗ್ಗಿಸಿದೆ.

ವೀಲು ಕಿರುಚಿಕೊಂಡಿತು.

"ಎಷ್ಟಪ್ಪ?"

"ಇಪ್ಪತ್ತೇಳು."

ನಾನು ಬಗ್ಗಿಸಿ ಹಿಡಿದೇ ಇದ್ದೆ. ಬೀಪ್ ಬೀಪ್ ಬೀಪ್. ಪಕ್ಕದ ಮನೆಯ ನಾಯಿಯೂ ಸೇರಿಕೊಂಡಿತು.

"ಸರಿಯಾಗ್ ನೋಡಿ ಹೇಳಿ ಅಪ್ಪ."

"ಇಪ್ಪತ್ತೇಳೇ ಕಣೋ," ಎಂದರು ಅಪ್ಪ, ಫೋನನ್ನು ಎದೆಗೆ ಒತ್ತಿಕೊಂಡು.

ಒಳಗಿನಿಂದ ಹೆಂಡತಿಯ ದನಿ ಬಂತು. "ಮಾವ, ಆ ಇಪ್ಪತ್ತೇಳು ಯಾಕ್ ಹಂಗೆ ಬಾಯ್ ಬಡ್ಕೋತಿದೆ?"

ನಾನು ಕೈ ಬಿಟ್ಟೆ. ಸದ್ದು ನಿಂತಿತು. ಅಪ್ಪ ಫೋನನ್ನು ಮೆಟ್ಟಿಲ ಮೇಲಿಟ್ಟು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸತೊಡಗಿದರು. ಎಷ್ಟು ಹೊತ್ತಾದರೂ ಒರೆಸುತ್ತಲೇ ಇದ್ದರು.

ಟಾರ್ಚ್ ಹಾಕಿ ನೋಡಿದಾಗ ಕಂಡಿತು. ಅಚ್ಚಿನ ಬಾಯಿಯ ಅಂಚಿಗೆ ಉಜ್ಜಿ ಉಜ್ಜಿ ಎರಡು ತೆಳು ವೈರುಗಳ ಮೇಲಿನ ಪ್ಲಾಸ್ಟಿಕ್ಕು ಸವೆದಿತ್ತು. ಗಾಡಿ ಕುಲುಕಿದಾಗ ಒಳಗಿನ ತಾಮ್ರಕ್ಕೆ ತಾಮ್ರ ತಾಗುತ್ತಿತ್ತು. ತಾಗಿದ ಕ್ಷಣ ಬೋರ್ಡಿನ ಪಾಲಿಗೆ ಮೋಟಾರು ಕುದಿಯುತ್ತಿತ್ತು. ನಾನು ಬಿದ್ದದ್ದು ಇದರಿಂದ. ವಿಭೂತಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಹೆಂಡತಿ ಬಂದು ಮೆಟ್ಟಿಲ ಮೇಲೆ ಕೂತು ತಾನೂ ಬಗ್ಗಿ ನೋಡಿದಳು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಮಾವ ಇದಕ್ಕೆ ಹಚ್ಚೋಕೆ ಶುರು ಮಾಡಿದ್ದು ನೀವು ಬಿದ್ದ ಮೇಲೆ. ಆವತ್ತು ವಿಭೂತಿ ಗಟ್ಟಿ ಮುಗ್ದೋಗಿತ್ತು. 'ಇವನಿಗೆ ಏನೂ ಆಗ್ಬಾರ್ದು ಕಣಮ್ಮ, ಬೇಗ ತಂದ್ಕೊಡು' ಅಂದ್ರು. ನಾನೇ ತಂದ್ಕೊಟ್ಟಿದ್ದು."

"ಹಾಗಾದ್ರೆ ಅವ್ರು ಹೇಳ್ದಾಗ್ಲೇ ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಅವರ ಎದುರಿಗೆ ಸುಳ್ಳು ಅನ್ನಕ್ಕಾಗುತ್ತಾ? ನೀವು ಅದನ್ನೇ ಹಿಡ್ಕೊಂಡು ಹೊರಟಿದ್ರೆ ಕಿತ್ತಿಡೋಕೆ ಇದಕ್ಕೆ ಕೀ ಇಲ್ದಿದ್ರೂ ಗಾಡೀನೇ ಕಿತ್ತಿಡ್ತಿದ್ದೆ."

ಈ ಮಾತನ್ನು ಅವಳು ಈಗ ಒಪ್ಪುವುದಿಲ್ಲ. ಗಟ್ಟಿ ತಂದದ್ದು ನಿಜ, ಆದರೆ ಆ ಮಧ್ಯಾಹ್ನ ತಾನು ಹೇಳಿದ್ದು, "ಕಾಫಿ ಆರೋಗ್ತಿದೆ, ಕೈ ತೊಳ್ಕೊಂಡು ಬನ್ನಿ," ಅಷ್ಟೇ ಎನ್ನುತ್ತಾಳೆ. ಅಪ್ಪನನ್ನು ಕೇಳಿದರೆ ತಾವು ನೋಡಿದ ಕ್ಷಣದಲ್ಲಿ ಪರದೆಯ ಮೇಲೆ ಇಪ್ಪತ್ತೇಳೇ ಇತ್ತು ಎಂದು ಇವತ್ತಿಗೂ ಸಾಧಿಸುತ್ತಾರೆ. ಆ್ಯಪ್ ಒಂದು ಗಳಿಗೆ ಹಿಂದೆ ಬಿದ್ದು ತೋರಿಸುವುದುಂಟು, ಹಾಗಾಗಿರಲೂಬಹುದು. ಮೊದಲ ಸೋಮವಾರದ ಮಾತನ್ನು ಬೇಕೆಂದೇ ಹೇಳಿದರೋ, ಹೇಳಬೇಕೆನಿಸಿದ್ದರಿಂದ ಹಾಗೆಯೇ ನೆನಪಾಯಿತೋ, ನಾನು ಕೇಳಿಲ್ಲ. ಸವೆದ ವೈರು ಮಾತ್ರ ನನ್ನ ಮೇಜಿನ ಖಾನೆಯಲ್ಲಿದೆ. ಅದು ವೈರು ಸವೆದಿತ್ತು ಎಂಬುದಕ್ಕಷ್ಟೇ ಸಾಕ್ಷಿ.

ಆ ತುಂಡನ್ನು ಕತ್ತರಿಸಿ ಹೊಸ ವೈರು ಬೆಸೆದೆ. ಅಪ್ಪ ಟಾರ್ಚ್ ಹಿಡಿದಿದ್ದರು. ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ತೋಳನ್ನು ಎರಡೂ ವೈರುಗಳಿಗೆ ಬೇರೆ ಬೇರೆಯಾಗಿ ತೊಡಿಸಿ, ಎರಡಕ್ಕೂ ಸೇರಿಸಿ ಇನ್ನೊಂದು ತೊಡಿಸಿದೆ. ಅಚ್ಚಿನ ಬಾಯಿಗೆ ರಬ್ಬರ್ ಉಂಗುರ ಕೂರಿಸಿದೆ. ಪರೀಕ್ಷೆಯ ದಿನ ಹೆಂಡತಿ ಫೋನಿಗೆ ಕೈ ಚಾಚಿದಳು.

"ಅಂಕಿ ನಾನ್ ಹೇಳ್ತೀನಿ. ಮಾವ ಬೇಡ, ಅವರು ಮಗನ ಕಡೆ."

ಅಪ್ಪ ನಕ್ಕರು, ಆದರೆ ಗೇಟಿನ ಹತ್ತಿರವೇ ನಿಂತರು. ನಮ್ಮ ರಸ್ತೆಯ ಹಂಪಿನ ಮೇಲೆ ಅವಳು ಸಾಕೆನ್ನುವವರೆಗೂ ಹತ್ತಿಸಿದೆ, ಇಳಿಸಿದೆ. ಬೇಕೆಂದೇ ಗುಂಡಿಗೆ ಇಳಿಸಿದೆ. ವೀಲನ್ನು ಎತ್ತಿ ಕುಕ್ಕಿದೆ. "ಇಪ್ಪತ್ತೊಂಬತ್ತು," ಅಂದಳು. "ಮೂವತ್ತು. ಮೂವತ್ತು. ಮೂವತ್ತೊಂದು." ಕೊನೆಗೆ ಫೋನು ನನ್ನ ಕೈಗಿಟ್ಟು, "ನಾಳೆ ಹೆಲ್ಮೆಟ್ ಮರೀಬೇಡಿ," ಎಂದು ಒಳಗೆ ಹೋದಳು. ಅದೇ ಅನುಮತಿ.

ಮರುದಿನ ಬೆಳಿಗ್ಗೆ ಮಾಗಡಿ ರಸ್ತೆ ದಾಟಿ ಏರು ಹತ್ತುವಾಗ ಅಂಕಿ ಏರಿತು. ನಲವತ್ತು, ನಲವತ್ತೆರಡು, ನಲವತ್ತೈದು. ಮೇಲೆ ನಿಲ್ಲಿಸಿ ಮೋಟಾರು ಮುಟ್ಟಿದೆ. ನಿಜವಾಗಿಯೂ ಬೆಚ್ಚಗಿತ್ತು. ಇಳಿಜಾರಿನಲ್ಲಿ ಗಾಳಿ ತಗುಲಿ ತಾನಾಗಿ ಇಳಿಯಿತು. ಆ ದಿನ ಮುದ್ರಣಾಲಯಕ್ಕೆ ತಡವಾಗಿ ಹೋದೆ, ಬೇಕೆಂದೇ ಸುತ್ತು ಹಾಕಿಕೊಂಡು.

ಸಂಜೆ ಮರಳಿದಾಗ ಅಪ್ಪ ಪೋರ್ಟಿಕೋದಲ್ಲೇ ಇದ್ದರು, ಆಗಲೇ ಕನ್ನಡಕ ಹಾಕಿಕೊಂಡು, ಅಂಕಿ ಕೂಗಲು ಸಿದ್ಧರಾದವರ ಹಾಗೆ.

"ಏನಾದ್ರೂ ತೊಂದ್ರೆ ಕೊಡ್ತಾ?"

"ಇಲ್ಲಪ್ಪ."

"ಒಂದ್ಸಲಾನೂ ಬೀಪ್ ಹೊಡೀಲಿಲ್ವಾ?"

"ಇಲ್ಲ. ಚೆನ್ನಾಗ್ ಓಡ್ತು."

"ಒಳ್ಳೇದಾಯ್ತು ಬಿಡು," ಎಂದರು. ಒಂದು ಗಳಿಗೆ ವೀಲನ್ನೇ ನೋಡುತ್ತಾ ನಿಂತರು. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ವಾರ್ತೆಯ ಹೊತ್ತಾಯಿತೆಂದು ಒಳಗೆ ಹೋದರು.